ರಾತ್ರಿಯ ತ್ರೀ ಫೇಸ್, ಹಗಲಿನ ಸಿಟ್ಟು

ಬೇಸಿಗೆಯಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆಯ ಅಡಿಕೆ ಸೀಮೆಯ ಯಾವುದೇ ಊರಲ್ಲಿ ನಡುರಾತ್ರಿ ಕಳೆದ ಮೇಲೆ ಹೊರಗೆ ಬಂದು ನೋಡಿ. ಒಂದೊಂದೇ ಬ್ಯಾಟರಿ ಬೆಳಕು ಮನೆ ಬಿಟ್ಟು ತೋಟದ ದಾರಿ ಹಿಡಿಯುತ್ತದೆ. ತ್ರೀ ಫೇಸ್ ಕರೆಂಟು ಬಂದಿದೆ ಎಂದರ್ಥ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಆ ಏಳು ಗಂಟೆಯಲ್ಲಿ ಒಂದಷ್ಟು ಹಗಲಿಗೆ, ಒಂದಷ್ಟು ರಾತ್ರಿಗೆ ಹಂಚಿಹೋಗುತ್ತದೆ. ಒಂದು ಫೀಡರಿಗೆ, ಎಂದರೆ ಒಂದು ವಿದ್ಯುತ್ ಮಾರ್ಗಕ್ಕೆ, ಹಗಲು ಪಾಳಿ ಬಂದರೆ ಇನ್ನೊಂದಕ್ಕೆ ರಾತ್ರಿ ಪಾಳಿ. ಕೆಲವು ದಿನ ಕಳೆದರೆ ಪಾಳಿ ಅದಲುಬದಲು.

ಆಟೋ ಸ್ಟಾರ್ಟರ್ ಇದೆಯಲ್ಲ, ಮೊಬೈಲಿನಿಂದಲೇ ಮೋಟ್ರು ಚಾಲೂ ಮಾಡಬಹುದಲ್ಲ ಎಂದು ಪಟ್ಟಣದವರು ಕೇಳುತ್ತಾರೆ. ಮೋಟ್ರು ಚಾಲೂ ಆಗುತ್ತದೆ, ನಿಜ. ಆದರೆ ಗೇಟ್‌ವಾಲ್ ತಾನಾಗಿ ತಿರುಗುವುದಿಲ್ಲ. ಒಂದು ಪಟ್ಟಿಗೆ ನೀರು ಸಾಕಾದ ಮೇಲೆ ಅದನ್ನು ಮುಚ್ಚಿ ಇನ್ನೊಂದನ್ನು ತೆರೆಯಲು ಕೈ ಬೇಕು. ಅಳಿಲು, ಇಲಿ ಕಡಿದ ಡ್ರಿಪ್ ಪೈಪಿನಿಂದ ನೀರು ಚಿಮ್ಮುತ್ತಿದ್ದರೆ ನೋಡಲು ಕಣ್ಣು ಬೇಕು. ಸ್ಟಾರ್ಟರ್ ಪೆಟ್ಟಿಗೆಯ ಮೂರು ಬಲ್ಬಿನಲ್ಲಿ ಒಂದು ಮಂಕಾದರೂ ಎದೆ ಧಸಕ್ಕೆನ್ನುತ್ತದೆ. ಒಂದು ಫೇಸ್ ಕಡಿಮೆಯಾಗಿ ಕಾಯಿಲ್ ಸುಟ್ಟರೆ ಎಂಟುನೂರು, ಸಾವಿರ ಅಡಿಯಿಂದ ಮೋಟ್ರು ಎತ್ತಿಸಬೇಕು. ಆ ಖರ್ಚಿನ ಜೊತೆಗೆ ದುರಸ್ತಿ ಆಗುವವರೆಗೆ ಗಿಡ ಒಣಗಬೇಕು. ದಾರಿಯಲ್ಲಿ ಹಾವು, ಹಂದಿ, ಗುಡ್ಡದ ಸೆರಗಿನ ಊರುಗಳಲ್ಲಿ ಕರಡಿ. ಒಂಬತ್ತೂವರೆಗೆ ಮಲಗಿದವನು ಹನ್ನೆರಡೂ ಮುಕ್ಕಾಲಿಗೆ ಎದ್ದು, ನಾಲ್ಕೂವರೆಗೆ ತಿರುಗಿ ಬಂದು ಕಾಲು ತೊಳೆದು ಅಡ್ಡಾಗುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತು. ಅವನ ಹೆಂಡತಿಗೂ ಪೂರ್ತಿ ನಿದ್ದೆಯಿಲ್ಲ. "ರೀ, ಕರೆಂಟ್ ಬಂತು ನೋಡ್ರಿ" ಎಂದು ಎಬ್ಬಿಸಿದವಳು, ಹೋದವನು ಬರುವ ತನಕ ಕಿವಿ ತೆರೆದುಕೊಂಡೇ ಮಲಗಿರುತ್ತಾಳೆ.

ಸುಖ, ಸಿಟ್ಟು, ಬೇಸರಗಳಿಗೂ ನಿದ್ದೆಗೂ ಇರುವ ನಂಟನ್ನು ಹೇಳುವ ಈ ಅಧ್ಯಾಯವನ್ನು ಹಾಸಿಗೆ, ದಿಂಬಿನ ಮಾತಿನಿಂದ ಶುರುಮಾಡದೆ ಇಲ್ಲಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ನಿದ್ದೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆಗಳೆಲ್ಲ ನಿದ್ದೆ ನಮ್ಮ ಕೈಯಲ್ಲೇ ಇದೆ ಎಂದುಕೊಂಡು ಬರೆದವು. ಚಿತ್ರದುರ್ಗ ಜಿಲ್ಲೆಯ ಸಾವಿರಾರು ಮನೆಗಳಲ್ಲಿ ಅದು ಫೀಡರಿನ ಕೈಯಲ್ಲಿದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮಗೆಲ್ಲ ಗೊತ್ತು. ಮನಸ್ಸು ಹಗುರವಾಗಿದ್ದರೆ ನಿದ್ದೆ ಬರುತ್ತದೆ ಎಂಬ ಆ ಮಾತು ಸುಳ್ಳಲ್ಲ. ಆದರೆ ಕಳೆದ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಸಂಶೋಧನೆ ಅದರ ಇನ್ನೊಂದು ಅರ್ಧವನ್ನು ತೆರೆದಿಟ್ಟಿದೆ. ನಿದ್ದೆ ಸರಿಯಾಗಿದ್ದರೆ ಮಾತ್ರ ಮನಸ್ಸು ಹಗುರವಾಗಿರುತ್ತದೆ. ಈ ಎರಡನೆಯ ಅರ್ಧವೇ ನಮ್ಮ ಜನಕ್ಕೆ ಹೆಚ್ಚು ಮುಖ್ಯ ಎಂದು ನಾನು ನಂಬಿದ್ದೇನೆ.

2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸಿನಲ್ಲಿ ಕೆಲಸಕ್ಕೆ ಹೋಗುವ 909 ಹೆಂಗಸರಿಂದ ಹಿಂದಿನ ದಿನದ ಪ್ರತಿಯೊಂದು ಘಟನೆಯನ್ನೂ, ಆಗ ಮನಸ್ಸು ಹೇಗಿತ್ತು ಎಂಬುದನ್ನೂ ಬರೆಸಿಕೊಂಡರು. ದಿನ ಸುಖವಾಗಿ ಕಳೆಯಲು ಸಂಬಳ ದೊಡ್ಡದಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಲೆಕ್ಕ ಬೇರೆಯೇ ಬಂತು. ಮನೆಯ ವರಮಾನ, ಓದು ಇಂಥವುಗಳಿಗಿಂತ ನಿದ್ದೆಯ ಗುಣಮಟ್ಟ ಆ ಹೆಂಗಸರ ದಿನದ ನಲಿವಿನೊಂದಿಗೆ ಗಟ್ಟಿಯಾಗಿ ಹೆಣೆದುಕೊಂಡಿತ್ತು. ಅಡಿಕೆಗೆ ಕ್ವಿಂಟಾಲಿಗೆ ಐವತ್ತು ಸಾವಿರದ ಧಾರಣೆ ಬಂದ ವರ್ಷವೂ ಭೀಮಸಮುದ್ರದ ಅಡಿಕೆ ಪೇಟೆಗೆ ಮಾಲು ಹಾಕಿ ಬಂದವನ ಮುಖ ಅರಳದೇ ಇರುವುದನ್ನು ಕಂಡಿದ್ದೇನೆ. ದುಡ್ಡು ಬಂದಿದೆ; ಸುಖ ಪಡುವ ಶಕ್ತಿ ಬಂದಿಲ್ಲ.

ಆ ಶಕ್ತಿ ಎಲ್ಲಿ ತಯಾರಾಗುತ್ತದೆ ಎಂಬುದನ್ನು ಈಗ ನೋಡೋಣ.

ನಿದ್ದೆ ಒಂದೇ ಸಮನಾಗಿ ಇರುವುದಿಲ್ಲ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣುಗುಡ್ಡೆ ರೆಪ್ಪೆಯ ಒಳಗೇ ಆಗಾಗ ಪಟಪಟನೆ ಚಲಿಸುವುದನ್ನು ದಾಖಲಿಸಿದರು. ಆ ಹೊತ್ತಿನ ನಿದ್ದೆಗೆ ರೆಮ್ ನಿದ್ದೆ ಎಂದು ಹೆಸರು. ಕನಸುಗಳು ದಟ್ಟವಾಗಿ ಬೀಳುವುದು ಆಗಲೇ. ಸುಮಾರು 90 ನಿಮಿಷಕ್ಕೊಂದರಂತೆ ಸುತ್ತುಗಳು ನಡೆಯುತ್ತವೆ. ರಾತ್ರಿಯ ಮೊದಲ ಭಾಗದ ಸುತ್ತುಗಳಲ್ಲಿ ಗಾಢನಿದ್ದೆ ಜಾಸ್ತಿ, ಬೆಳಗಿನ ಜಾವದ ಸುತ್ತುಗಳಲ್ಲಿ ರೆಮ್ ಜಾಸ್ತಿ. ಆದ್ದರಿಂದ ಒಂದು ಗಂಟೆಯಿಂದ ನಾಲ್ಕೂವರೆಯವರೆಗೆ ನೀರು ಕಟ್ಟುವವನು ಮೂರೂವರೆ ತಾಸು ಕಳೆದುಕೊಂಡ ಎಂದಷ್ಟೇ ಹೇಳಿದರೆ ಸಾಲದು. ಇಡೀ ರಾತ್ರಿಯ ರೆಮ್ ನಿದ್ದೆಯಲ್ಲಿ ದೊಡ್ಡ ಪಾಲನ್ನೇ ಅವನು ಕಳೆದುಕೊಂಡ.

ರೆಮ್ ನಿದ್ದೆಯ ಒಂದು ವಿಶೇಷವನ್ನು ನಿಧಾನವಾಗಿ ತಿಳಿದುಕೊಳ್ಳಬೇಕು. ಮಿದುಳಿನಲ್ಲಿ ನಮ್ಮನ್ನು ಎಚ್ಚರದಲ್ಲಿ, ಕಟ್ಟೆಚ್ಚರದಲ್ಲಿ ಇಡುವ ರಾಸಾಯನಿಕಗಳಲ್ಲಿ ನಾರ್‌ಅಡ್ರಿನಲಿನ್ ಮುಖ್ಯವಾದದ್ದು. ಕತ್ತಲಲ್ಲಿ ಕಾಲಡಿ ಏನೋ ಸರಿದಾಗ ಮೈ ಜುಮ್ಮೆನ್ನುವುದು ಅದರ ಕೆಲಸ. ರೆಮ್ ನಿದ್ದೆಯಲ್ಲಿ ಅದನ್ನು ಸುರಿಸುವ ನರಕೋಶಗಳು ಹೆಚ್ಚುಕಡಿಮೆ ಪೂರಾ ಮೌನವಾಗುತ್ತವೆ. ಅದೇ ಹೊತ್ತಿಗೆ ಭಾವನೆಗಳ ಕೇಂದ್ರವಾದ ಅಮಿಗ್ಡಲ ಮತ್ತು ನೆನಪಿಗೆ ಸಂಬಂಧಪಟ್ಟ ಭಾಗಗಳು ಚುರುಕಾಗಿರುತ್ತವೆ. ಅಂದರೆ ಹಗಲಿನ ಕಹಿ ಪ್ರಸಂಗಗಳು ಮತ್ತೊಮ್ಮೆ ತೆರೆದುಕೊಳ್ಳುವಾಗ ಮೈಯಲ್ಲಿ ಆ ಹಗಲಿನ ಗಾಬರಿ ಇರುವುದಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಪ್ರಯೋಗ ನಡೆಯಿತು. ಮನ ಕಲಕುವ ಚಿತ್ರಗಳನ್ನು 12 ಗಂಟೆ ಅಂತರದಲ್ಲಿ ಎರಡು ಬಾರಿ ತೋರಿಸಿದರು. ನಡುವೆ ರಾತ್ರಿ ನಿದ್ದೆ ಮಾಡಿದವರ ಅಮಿಗ್ಡಲ ಎರಡನೆಯ ಸಲ ತಣ್ಣಗಿತ್ತು; ಹಗಲಿಡೀ ಎಚ್ಚರವಿದ್ದವರಲ್ಲಿ ಆ ತಂಪು ಕಾಣಲಿಲ್ಲ. ನೆನಪು ಉಳಿದು ಅದರ ಉರಿ ಇಳಿಯುತ್ತದೆ ಎಂಬುದು ಆ ಸಂಶೋಧಕರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ. ನಿದ್ದೆಯ ನಂತರವೂ ಭಾವನೆಯ ಬಿಸಿ ಹಾಗೇ ಉಳಿಯುತ್ತದೆ ಎಂದು ತೋರಿಸಿದ ಪ್ರಯೋಗಗಳೂ ಇವೆ. ಆದರೆ ನಿದ್ದೆಗೆಟ್ಟಾಗ ಏನಾಗುತ್ತದೆ ಎಂಬ ವಿಷಯದಲ್ಲಿ ಇಷ್ಟು ಜಗಳವಿಲ್ಲ.

ಅದೇ ಬರ್ಕ್ಲಿಯ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಎಲ್ಲ ಕಡೆ ಉಲ್ಲೇಖಗೊಳ್ಳುತ್ತದೆ. ಸುಮಾರು 35 ಗಂಟೆ ಎಚ್ಚರವಿದ್ದ ಯುವಕ ಯುವತಿಯರಿಗೆ ಅಹಿತಕರ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದಾಗ, ಮಲಗಿ ಎದ್ದವರಿಗಿಂತ ಅವರ ಅಮಿಗ್ಡಲ ಶೇಕಡ 60ರಷ್ಟು ಹೆಚ್ಚು ಕೆರಳಿತ್ತು. ಹಣೆಯ ಹಿಂದಿರುವ ಮುಮ್ಮಿದುಳಿನ ಭಾಗ ಮಾಮೂಲಿಯಾಗಿ ಈ ಅಮಿಗ್ಡಲಕ್ಕೆ ಮೂಗುದಾರವಿದ್ದಂತೆ. ನಿದ್ದೆಗೆಟ್ಟವರಲ್ಲಿ ಆ ಎರಡರ ನಡುವಿನ ಸಂಪರ್ಕ ಸಡಿಲವಾಗಿತ್ತು. ಮಗ ಒಂದು ಮಾತು ಎದುರಾಡಿದ್ದಕ್ಕೆ ಕೈಯೆತ್ತುವುದು, ಬದುವಿನ ಮೇಲೆ ಪಕ್ಕದವನ ಎಮ್ಮೆ ಕಾಲಿಟ್ಟದ್ದಕ್ಕೆ ಪೊಲೀಸ್ ಠಾಣೆಯವರೆಗೂ ಹೋಗುವುದು, ಹೆಂಡತಿ ಸಾರಿಗೆ ಉಪ್ಪು ಹಾಕಲು ಮರೆತಿದ್ದಕ್ಕೆ ತಟ್ಟೆ ಎಸೆಯುವುದು. ಇವಕ್ಕೆಲ್ಲ ನಿದ್ದೆಗೇಡೇ ಕಾರಣ ಎಂದು ನಾನು ಹೇಳುವುದಿಲ್ಲ. ಹೆಂಡತಿಯ ಮೇಲೆ ಕೈ ಮಾಡುವುದಕ್ಕೆ ಯಾವ ವಿಜ್ಞಾನವೂ ಮಾಫಿ ಕೊಡುವುದಿಲ್ಲ. ಆದರೆ ಊರಿನ ಜಗಳಗಳನ್ನು ಬಿಡಿಸಲು ಕೂರುವ ಹಿರಿಯರು, ನಿನ್ನೆ ರಾತ್ರಿ ನಿದ್ದೆ ಮಾಡಿದ್ದೇನಪ್ಪಾ ಎಂಬ ಪ್ರಶ್ನೆಯನ್ನೂ ಕೇಳಿದರೆ ಒಳ್ಳೆಯದು.

ಸಿಟ್ಟು ಎಲ್ಲರಿಗೂ ಕಾಣುತ್ತದೆ. ಕಾಣದೇ ಹೋಗುವುದು ಇನ್ನೊಂದಿದೆ. ಐವತ್ತು ವರ್ಷಗಳಲ್ಲಿ ನಡೆದ 154 ಪ್ರಯೋಗಗಳನ್ನು, ಅವುಗಳಲ್ಲಿ ಪಾಲ್ಗೊಂಡ ಐದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2023ರ ಕೊನೆಯಲ್ಲಿ ಪ್ರಕಟವಾಯಿತು. ನಿದ್ದೆ ಕಡಿಮೆಯಾದಾಗ ಆತಂಕ ಹೆಚ್ಚುತ್ತದೆ ಎಂಬುದು ಅದರಲ್ಲಿ ಕಂಡಿತು. ಆದರೆ ಎಲ್ಲಕ್ಕಿಂತ ಸ್ಥಿರವಾಗಿ ಕಂಡದ್ದು ಸಂತೋಷ, ಉತ್ಸಾಹ, ನೆಮ್ಮದಿಯಂಥ ಒಳ್ಳೆಯ ಭಾವನೆಗಳ ಕುಸಿತ. ಮಾಮೂಲಿಗಿಂತ ಒಂದೆರಡು ತಾಸು ತಡವಾಗಿ ಮಲಗಿದವರಲ್ಲೂ ಅದು ಕಂಡಿತು. ಎಂದರೆ ಮನುಷ್ಯ ದುಃಖಿಯಾಗುವ ಮೊದಲೇ ಅವನ ನಲಿವು ಬತ್ತತೊಡಗುತ್ತದೆ. ಜಾತ್ರೆಗೆ ಹೋಗಬೇಕೆನಿಸುವುದಿಲ್ಲ, ಮೊಮ್ಮಗುವನ್ನು ಎತ್ತಿಕೊಂಡರೂ ಮನಸ್ಸು ಬೇರೆಲ್ಲೋ ಇರುತ್ತದೆ. ಇದನ್ನು ಯಾರೂ ಕಾಯಿಲೆ ಎಂದು ಗುರುತಿಸುವುದಿಲ್ಲ, ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ.

ಇನ್ನು ಪಾಳಿಯ ಸಮಸ್ಯೆ. 1982ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ ನಿದ್ದೆಯನ್ನು ಎರಡು ಶಕ್ತಿಗಳು ಆಳುತ್ತವೆ ಎಂದು ವಿವರಿಸಿದರು. ಎಚ್ಚರವಿದ್ದಷ್ಟೂ ಒಳಗೆ ಒಟ್ಟಾಗುತ್ತಾ ಹೋಗುವ ನಿದ್ದೆಯ ಒತ್ತಡ ಒಂದು. ಅದರಲ್ಲಿ ಅಡೆನೊಸಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಬಿಸಿಲು, ಕತ್ತಲೆಗೆ ಹೊಂದಿಕೊಂಡು ನಡೆಯುವ ಮೈಯ ಒಳಗಡಿಯಾರ ಇನ್ನೊಂದು. ಅದು ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿದ ಮೂವರಿಗೆ 2017ರ ನೊಬೆಲ್ ಬಂತು. ಬೆಳಗಿನ ಜಾವಕ್ಕೆ ಮೈಬಿಸಿ ದಿನದಲ್ಲೇ ಅತ್ಯಂತ ಕಡಿಮೆ ಮಟ್ಟಕ್ಕೆ ಇಳಿದಿರುತ್ತದೆ. ಆ ಹೊತ್ತಿನಲ್ಲಿ ನೀರಿನಲ್ಲಿ ಕಾಲಿಟ್ಟು ನಿಂತವನ ಮೈ ನಡುಗುವುದು ಬರೀ ಚಳಿಗಲ್ಲ. ಒಂದಷ್ಟು ದಿನ ಹಗಲು, ಒಂದಷ್ಟು ದಿನ ರಾತ್ರಿ ಎಂದು ಪಾಳಿ ಬದಲಾದರೆ ಒಳಗಡಿಯಾರಕ್ಕೆ ಯಾವುದಕ್ಕೂ ಹೊಂದಿಕೊಳ್ಳಲು ಆಗುವುದಿಲ್ಲ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವವನಿಗೆ ವಾರದ ರಜೆಯಾದರೂ ಇದೆ. ತೋಟದವನಿಗೆ ಅದೂ ಇಲ್ಲ.

ಎಚ್ಚರವಾಗಿರಲು ಅವನು ಏನು ಮಾಡುತ್ತಾನೆ? ಟೀ, ಬೀಡಿ, ಅಡಿಕೆ. ಟೀ, ಕಾಫಿಯ ಕೆಫೀನ್ ಅಡೆನೊಸಿನ್ನಿನ ಜಾಗದಲ್ಲಿ ಹೋಗಿ ಕೂತು ನಿದ್ದೆಯ ಒತ್ತಡ ಗೊತ್ತಾಗದಂತೆ ಮಾಡುತ್ತದೆ. ಕುಡಿದ ಐದಾರು ಗಂಟೆಯ ನಂತರವೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಬೀಡಿಯ ನಿಕೋಟಿನ್ ಕೂಡ ಎಚ್ಚರಿಸುವ ವಸ್ತುವೇ. ಅವನು ಬೆಳೆಯುವ ಅಡಿಕೆಯ ಅರಿಕೋಲಿನ್ ನರಗಳನ್ನು ಚುರುಕುಗೊಳಿಸುತ್ತದೆ. ಲಾರಿ ಚಾಲಕರು ರಾತ್ರಿಯ ಹೆದ್ದಾರಿಯಲ್ಲಿ ಅಡಿಕೆ ಜಗಿಯುವುದು ಅದಕ್ಕೇ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೇಳಿರುವುದು ಅಡಿಕೆ ಸೀಮೆಯಲ್ಲಿ ಯಾರಿಗೂ ಹಿತವಾದ ಮಾತಲ್ಲ. ಆದರೂ ಹೇಳಲೇಬೇಕು. ತಿರುಗಿ ಬಂದ ಮೇಲೆ ನಿದ್ದೆ ಬರಲೆಂದು ಒಂದು ಕ್ವಾರ್ಟರ್ ಹಾಕುವವರೂ ಇದ್ದಾರೆ. ಮದ್ಯ ಬೇಗ ಮಂಪರು ತರಿಸುತ್ತದೆ, ನಂತರ ನಿದ್ದೆಯನ್ನು ಚೂರುಚೂರು ಮಾಡುತ್ತದೆ, ರೆಮ್ ನಿದ್ದೆಯನ್ನು ಅದುಮುತ್ತದೆ.

ಚಿಂತೆ ನಿದ್ದೆಯನ್ನು ಕೆಡಿಸುತ್ತದೆ ಎಂದು ಈ ಜಿಲ್ಲೆಗೆ ಪಾಠ ಹೇಳಬೇಕಾಗಿಲ್ಲ. 2016ರಿಂದೀಚಿನ ಬರದ ವರ್ಷಗಳಲ್ಲಿ ಹೊಸದುರ್ಗ, ಹೊಳಲ್ಕೆರೆಯಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಮರ ಉಳಿಸಿಕೊಂಡವರಿದ್ದಾರೆ, ಉಳಿಸಿಕೊಳ್ಳಲಾಗದೆ ಕಡಿದವರಿದ್ದಾರೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೆನೆಸಿಕೊಳ್ಳಿ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ ಕಾದ ನೀರು ಹರಿಯುವುದನ್ನು ನೋಡಲು ಸುತ್ತಲಿನ ಜನವೆಲ್ಲ ಬಂದರು. ಸಂತೋಷವೂ ಮನುಷ್ಯನನ್ನು ಎಚ್ಚರವಾಗಿ ಇಡುತ್ತದೆ. ಆದರೆ ಅದು ಒಂದೆರಡು ರಾತ್ರಿಯ ಮಾತು. ಸಾಲದ ಕಂತು, ಬತ್ತಿದ ಬೋರು, ಮಗಳ ಮದುವೆ ಇವು ರಾತ್ರಿಯ ಮೇಲೆ ರಾತ್ರಿ ಎಚ್ಚರ ಮಾಡಿಸುತ್ತವೆ. ಮಲಗಿದ ಕೂಡಲೇ ತಲೆಯಲ್ಲಿ ಲೆಕ್ಕ ಶುರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿಯಬೇಕಾದ ಹೊತ್ತಿಗೆ ಇಳಿಯುವುದಿಲ್ಲ. ಕೆಲವು ದಿನಗಳಲ್ಲಿ ಚಿಂತೆಯ ಮೂಲ ಮರೆಯಾಗಿ ನಿದ್ದೆ ಬರುವುದಿಲ್ಲವಲ್ಲ ಎಂಬುದೇ ಚಿಂತೆಯಾಗುತ್ತದೆ. 2011ರಲ್ಲಿ ಜರ್ಮನಿಯ ಸಂಶೋಧಕರು 21 ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟಾಗಿ ನೋಡಿದರು. ಖಿನ್ನತೆ ಇಲ್ಲದವರಲ್ಲಿಯೂ ನಿದ್ರಾಹೀನತೆ ಇದ್ದವರಿಗೆ ಮುಂದೆ ಖಿನ್ನತೆ ಬರುವ ಸಂಭವ ಉಳಿದವರ ಎರಡರಷ್ಟು ಎಂದು ಕಂಡಿತು. ನಿದ್ದೆ ಕೆಡುವುದು ಖಿನ್ನತೆಯ ಲಕ್ಷಣ ಎಂದಷ್ಟೇ ಓದುತ್ತಿದ್ದ ವೈದ್ಯರು, ಅದು ಖಿನ್ನತೆಗೆ ದಾರಿಯೂ ಹೌದು ಎಂದು ಒಪ್ಪಬೇಕಾಯಿತು.

ನಿದ್ದೆಗೆ ಭದ್ರತೆ ಬೇಕು ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ಎರಡು ಉದಾಹರಣೆಗಳಿವೆ, ಒಂದಕ್ಕೊಂದು ವಿರುದ್ಧವಾದವು.

ಮೊದಲನೆಯದು ಕುರಿಗಾಹಿಗಳದು. ಹಿರಿಯೂರು, ಚಳ್ಳಕೆರೆ ಕಡೆಯ ಕುರಿಗಾರರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿ ಕಂಬಳಿ ಹೊದ್ದು ಬಯಲಲ್ಲೇ ಮಲಗುತ್ತಾರೆ. ತೋಳ, ಕಳ್ಳರ ಭಯ ಇದ್ದೇ ಇದೆ. ಆದರೂ ಪಾಳಿಯಲ್ಲಿ ಒಬ್ಬರು ಎಚ್ಚರವಿರುತ್ತಾರೆ, ನಾಯಿಗಳಿರುತ್ತವೆ. 2017ರಲ್ಲಿ ತಾಂಜಾನಿಯಾದ ಹಾಡ್ಜಾ ಬೇಟೆಗಾರ ಸಮುದಾಯದ 33 ಜನರ ನಿದ್ದೆಯನ್ನು 20 ದಿನ ಅಳೆದವರು ಒಂದು ಸೋಜಿಗ ಕಂಡರು: ಎಲ್ಲರೂ ಒಟ್ಟಿಗೇ ನಿದ್ದೆಯಲ್ಲಿದ್ದದ್ದು ಆ ಇಪ್ಪತ್ತೂ ರಾತ್ರಿ ಸೇರಿ 18 ನಿಮಿಷ ಮಾತ್ರ. ಯಾರೋ ಒಬ್ಬರು ಸದಾ ಎಚ್ಚರ. ತಮಗೆ ನಿದ್ದೆಯ ತೊಂದರೆ ಇದೆ ಎಂದು ಅವರಲ್ಲಿ ಹೆಚ್ಚಿನವರಿಗೆ ಅನಿಸಿರಲೂ ಇಲ್ಲ. ಕಾವಲನ್ನು ಹಂಚಿಕೊಂಡಾಗ ತುಂಡು ನಿದ್ದೆಯೂ ಅಷ್ಟು ಕಾಡುವುದಿಲ್ಲ ಎಂದು ನನಗೆ ತೋರುತ್ತದೆ. ತೋಟಕ್ಕೆ ಒಬ್ಬನೇ ಹೋಗುವ ರೈತನಿಗೆ ಆ ಭಾಗ್ಯವಿಲ್ಲ.

ಎರಡನೆಯದು ಹೇಳಲು ನೋವಾಗುವಂಥದ್ದು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಹೆತ್ತ ತಾಯಿಯ ನಿದ್ದೆ ಎಲ್ಲಿದ್ದರೂ ಚೂರಾಗಿಯೇ ಇರುತ್ತದೆ. ಹೆರಿಗೆಯ ನಂತರದ ಖಿನ್ನತೆಗೂ ನಿದ್ದೆಗೇಡಿಗೂ ನಂಟಿದೆ. ಅದರ ಮೇಲೆ ಚಳಿ, ಕತ್ತಲೆ, ಹುಳುಹುಪ್ಪಟೆಯ ಭಯ, ಒಬ್ಬಂಟಿತನ. ಮಿದುಳು ಕಟ್ಟೆಚ್ಚರ ಬಿಟ್ಟರೆ ತಾನೇ ಗಾಢನಿದ್ದೆ. 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಲ್ಲಿ ಹೀಗೆ ಹೊರಗಿಡುವುದು ಅಪರಾಧ. ದೇವರ ಹೆಸರಿನಲ್ಲಿ ನಡೆಯುವುದರಿಂದ ಇದನ್ನು ಮುಟ್ಟಲು ಎಲ್ಲರೂ ಹಿಂಜರಿಯುತ್ತಾರೆ. ಆ ತಾಯಂದಿರ ಒಂದು ರಾತ್ರಿಯ ನಿದ್ದೆಗಿಂತ ದೊಡ್ಡ ಮಡಿ ಯಾವುದೂ ಇಲ್ಲ ಎಂದು ಹಟ್ಟಿಯ ಯಜಮಾನರೇ ಹೇಳಬೇಕು. ಹಾಗೆ ಹೇಳಿ ಬದಲಾದ ಹಟ್ಟಿಗಳೂ ಇವೆ.

ಹಾಗಾದರೆ ಮಾಡುವುದೇನು? ಬೇಗ ಮಲಗಿ ಎನ್ನುವುದು ಸುಲಭ. ಚೆನ್ನೈಯಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿಯೇ ನೋಡಿದರು. 452 ಬಡ ಕೆಲಸಗಾರರ ನಿದ್ದೆಯನ್ನು ಮುಂಗೈ ಯಂತ್ರದಿಂದ ಒಂದು ತಿಂಗಳು ಅಳೆದಾಗ, ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ಅವರಿಗೆ ಸಿಗುತ್ತಿದ್ದ ನಿದ್ದೆ ಐದೂವರೆ ಗಂಟೆ. ಸೆಕೆ, ಸೊಳ್ಳೆ, ಸದ್ದು ಪದೇಪದೇ ಎಚ್ಚರ ಮಾಡುತ್ತಿದ್ದವು. ಕಣ್ಣುಪಟ್ಟಿ, ಫ್ಯಾನು ಮುಂತಾದವನ್ನು ಕೊಟ್ಟು, ಸಲಹೆ ಹೇಳಿ, ರಾತ್ರಿ ನಿದ್ದೆಯನ್ನು ಸುಮಾರು ಅರ್ಧ ಗಂಟೆ ಹೆಚ್ಚಿಸಿದರು. ಎಲ್ಲರೂ ಅಚ್ಚರಿಪಡುವಂತೆ ಅವರ ಕೆಲಸದಲ್ಲೂ ನೆಮ್ಮದಿಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅದೇ ಜನರಲ್ಲಿ ಕೆಲವರಿಗೆ ಕೆಲಸದ ಜಾಗದಲ್ಲೇ ಸದ್ದಿಲ್ಲದ ಕಡೆ ಮಧ್ಯಾಹ್ನ ಅರ್ಧ ಗಂಟೆ ಮಲಗಲು ಅವಕಾಶ ಕೊಟ್ಟಾಗ ಕೆಲಸ ಸುಧಾರಿಸಿತು, ಮನಸ್ಸಿನ ನೆಮ್ಮದಿಯೂ ತಾಳ್ಮೆಯೂ ಹೆಚ್ಚಿತು. 2021ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಚೂರಾದ ನಿದ್ದೆ ಇನ್ನರ್ಧ ಗಂಟೆ ಉದ್ದವಾದರೂ ಚೂರೇ; ನೆರಳಲ್ಲಿ, ನಿಶ್ಚಿಂತೆಯಿಂದ ಮಾಡಿದ ಅರ್ಧ ಗಂಟೆಯ ನಿದ್ದೆಯೇ ಬೇರೆ.

ಇದನ್ನು ಓದಿದ ಮೇಲೆ ತೋಟದ ಮನೆಯ ಜಗುಲಿಯ ಮೇಲೆ ಊಟ ಮಾಡಿ ಟವೆಲ್ ಹಾಸಿ ಮಲಗಿದವನನ್ನು ಸೋಮಾರಿ ಎನ್ನಲು ಯಾರಿಗೂ ಬಾಯಿ ಬರಬಾರದು. ಮನೆಯ ಹೆಂಗಸರಿಗೂ ಆ ಅರ್ಧ ಗಂಟೆ ಸಿಗಬೇಕು, ಮನೆಯವರೇ ಹಠ ಹಿಡಿದು ಕೊಡಿಸಬೇಕು. ಮಧ್ಯಾಹ್ನ ಮೂರು ಗಂಟೆಯ ನಂತರ ಮಲಗಬೇಡಿ, ಒಂದು ತಾಸು ಮೀರಬೇಡಿ. ಮೀರಿದರೆ ರಾತ್ರಿಯ ನಿದ್ದೆಯ ಒತ್ತಡ ಕರಗಿಬಿಡುತ್ತದೆ. ನೀರು ಕಟ್ಟುವ ಪಾಳಿ ಇಲ್ಲದ ದಿನಗಳಲ್ಲಾದರೂ ಏಳುವ ಹೊತ್ತು ಒಂದೇ ಇರಲಿ. ನಿದ್ದೆ ಬಾರದೆ ಹೊರಳಾಡುವುದಕ್ಕಿಂತ ಎದ್ದು ಕೂತು, ತೂಕಡಿಕೆ ಬಂದ ಮೇಲೆ ಹಾಸಿಗೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನ ನಿದ್ದೆ ಪ್ರಯೋಗಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಗಟ್ಟಲೆ ವಿಪಸ್ಸನ ಧ್ಯಾನ ಮಾಡಿದವರಲ್ಲಿ ವಯಸ್ಸಾದ ಮೇಲೂ ಗಾಢನಿದ್ದೆ, ರೆಮ್ ನಿದ್ದೆ ಎರಡೂ ಹೆಚ್ಚಿಗೆ ಉಳಿದಿದ್ದವು. ಧ್ಯಾನದಿಂದಲೇ ಹಾಗಾಯಿತೆಂದು ಇಷ್ಟರಿಂದ ಹೇಳಲಾಗದು, ಆದರೂ ಮಲಗುವ ಮುನ್ನ ಹತ್ತು ನಿಮಿಷ ಉಸಿರು ಗಮನಿಸುತ್ತಾ ಕೂರುವುದರಿಂದ ನಷ್ಟವೇನಿಲ್ಲ.

ಆದರೆ ಇವೆಲ್ಲ ಅರ್ಧ ಪರಿಹಾರ. ರೈತ ಸಂಘಟನೆಗಳು ಹಗಲು ಕರೆಂಟಿಗಾಗಿ ವರ್ಷಗಳಿಂದ ಕೂಗುತ್ತಿವೆ. ಬೆಳೆ, ಹಾವು, ಕರಡಿ ಎಂಬ ಕಾರಣಗಳ ಜೊತೆಗೆ ಮನಸ್ಸಿನ ಆರೋಗ್ಯ ಎಂಬ ಕಾರಣವನ್ನೂ ಅವರು ಮನವಿಪತ್ರದಲ್ಲಿ ಬರೆಯಬೇಕು. ಜೋಗಿಮಟ್ಟಿ ಸಾಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವ, ಬಯಲಿನಲ್ಲಿ ವರ್ಷದ ಹೆಚ್ಚು ದಿನ ಬಿಸಿಲು ಸುರಿಯುವ ಜಿಲ್ಲೆ ಇದು. ಸೂರ್ಯನಿಂದ ಹಗಲಲ್ಲೇ ಕರೆಂಟು ಸಿಗುವ ಕಾಲ ಬಂದಿದೆ. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳನ್ನೇ ಸೋಲಾರಿಗೆ ಜೋಡಿಸುವ ಭಾಗವೂ ಸೇರಿದೆ. ಯಾವ ಫೀಡರಿಗೆ ಹಗಲು ತ್ರೀ ಫೇಸ್ ಬಂತೋ ಆ ಊರಿನ ಮಾತ್ರೆ ಅಂಗಡಿ, ಠಾಣೆ, ಶಾಲೆಗಳಲ್ಲಿ ಏನು ಬದಲಾಯಿತು ಎಂದು ನಮ್ಮ ವೈದ್ಯಕೀಯ ಕಾಲೇಜುಗಳು ಅಳೆದು ನೋಡಲಿ. ಇಷ್ಟು ಮುಖ್ಯವಾದ ಅಧ್ಯಯನಕ್ಕೆ ಬೇಕಾದ ಜನ ಇಲ್ಲೇ ಇದ್ದಾರೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ, ಅದಕ್ಕೆ ಮಾತ್ರೆಯಿಲ್ಲದ ಚಿಕಿತ್ಸೆಯೂ ಇದೆ. ಜೊತೆಗೆ ಬದುಕು ಸಾಕೆನಿಸುವ ಯೋಚನೆ ಬರುತ್ತಿದ್ದರೆ ಮೂರು ತಿಂಗಳು ಕಾಯಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.